ಕಾವೇರಿ ಎಂಜಿನ್‌ನ ಲೆಕ್ಕ ಕೇಳುವುದು ಹೇಗೆ?

ಕಾಸರಗೋಡು ಜಿಲ್ಲೆಯ ಸೀತಾಂಗೋಳಿಯ ಎಚ್‌ಎಎಲ್ ಘಟಕ ಹತ್ತಿರವೇ ಇರುವುದರಿಂದ ನಮ್ಮ ಬದಿಯಡ್ಕದ ಹುಡುಗರಿಗೆ ವಿಮಾನದ ಹುಚ್ಚು ಜಾಸ್ತಿ. ‘ತೇಜಸ್‌ಗೆ ನಮ್ಮದೇ ಎಂಜಿನ್ ಯಾಕಿಲ್ಲ ಮಾಷ್ಟ್ರೇ?’ ಅಂತ ವಾಚನಾಲಯದಲ್ಲಿ ಕೇಳುತ್ತಾರೆ. ತೇಜಸ್ ನಮ್ಮ ಹಗುರ ಯುದ್ಧ ವಿಮಾನ. ಅದಕ್ಕೆಂದೇ ಡಿಆರ್‌ಡಿಒ, ಅಂದರೆ ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆ, ಮಾಡಲು ಹೊರಟ ಜೆಟ್ ಎಂಜಿನ್ ಕಾವೇರಿ. ಅದರ ಲೆಕ್ಕ ಕೇಳಲು ಅವರಿಗೆ ನಾನು ತೋರಿಸುವ ದಾರಿ ಇದು.

ಮೊದಲು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ಜಾಲತಾಣಕ್ಕೆ ಹೋಗಿ. ವಾಯುಪಡೆ, ನೌಕಾಪಡೆ ಕುರಿತ 2010-11ರ 16ನೇ ವರದಿ ತೆಗೆಯಿರಿ. ಅದು ಇಂಗ್ಲಿಷಿನಲ್ಲಿದೆ ಅಂತ ಕನ್ನಡ ಮಾಧ್ಯಮದ ಮಕ್ಕಳು ಹೆದರಬೇಡಿ, ಬೇಕಾದದ್ದು ಕಾವೇರಿಯ ಭಾಗ ಮಾತ್ರ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಮೊದಲು ಕೊಟ್ಟ ಮಾತು, ಬಲಕ್ಕೆ ಆಮೇಲೆ ಆದದ್ದು. 1989ರಲ್ಲಿ ಮಂಜೂರಾದದ್ದು 382.81 ಕೋಟಿ ರೂಪಾಯಿ, ಗಡುವು 1996ರ ಡಿಸೆಂಬರ್. ಆಮೇಲೆ ಅದು 2,839 ಕೋಟಿಯಾಯಿತು, ಗಡುವು 2009ಕ್ಕೆ ಹೋಯಿತು. ಮಂಜೂರಾದ ಹಣ ಬೇರೆ, ಖರ್ಚಾದ ಹಣ ಬೇರೆ. ಎರಡನ್ನೂ ಕಲಸಬೇಡಿ.

ದುಡ್ಡಿಗಿಂತ ತೂಕದ ಸಾಲನ್ನು ನಿಧಾನವಾಗಿ ಓದಿ. ಗುರಿ 1,100 ಕೆಜಿ, ಬಂದದ್ದು 1,235 ಕೆಜಿ. ಹಗುರ ಯುದ್ಧ ವಿಮಾನದಲ್ಲಿ 135 ಕೆಜಿ ಹೆಚ್ಚಾದರೆ ಇಂಧನವನ್ನೋ ಶಸ್ತ್ರವನ್ನೋ ಇಳಿಸಬೇಕಾಗುತ್ತದೆ, ಅಲ್ವಾ? ತೇಜಸ್ ಇವತ್ತಿಗೂ ಅಮೆರಿಕದ ಎಫ್404 ಎಂಜಿನ್ ಮೇಲೆ ಹಾರುತ್ತಿರುವುದರ ಹಿಂದೆ ಇಂಥ ಕಾರಣಗಳಿವೆ. ಜೆಟ್ ಎಂಜಿನ್ ಮಾಡುವುದು ಬಲು ಕಷ್ಟ. ಟರ್ಬೈನ್ ಬ್ಲೇಡ್ ತಡೆಯಬೇಕಾದ ಬಿಸಿಗೆ ಸಾಮಾನ್ಯ ಲೋಹ ಕರಗಿಯೇ ಹೋಗುತ್ತದೆ. ಹಾಗಾಗಿ ತಡವಾಯಿತು ಅಂತ ವಿಜ್ಞಾನಿಗಳನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ತಡಕ್ಕೆ ಕಾರಣ ಏನು ಅಂತ ಕೇಳುವ ಹಕ್ಕು ಮಾತ್ರ ನಮಗಿದೆ.

ಆರ್‌ಟಿಐ ಹಾಕಲು ಸುಮ್ನೆ ಓಡಬೇಡಿ. ಡಿಆರ್‌ಡಿಒ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಉಳಿದ ಮಾಹಿತಿಗೆ ವಿನಾಯಿತಿ ಇದೆ.

ಅದಕ್ಕಿಂತ ಸಂಸತ್ತಿನಲ್ಲಿ ಪ್ರಶ್ನೆ ಕೇಳಿ ಅಂತ ಕಾಸರಗೋಡಿನ ಸಂಸದರಿಗೆ ಪತ್ರ ಬರೆಯಿರಿ. ‘ಎಂಜಿನ್ ಯಾವಾಗ ಆಗುತ್ತದೆ?’ ಅಂತ ಕೇಳಿದರೆ ‘ಪ್ರಗತಿಯಲ್ಲಿದೆ’ ಅಂತ ಉತ್ತರ ಬಂದೀತು. ಮೂಲ ಗುರಿ ಎಷ್ಟು, ಈಗ ತೂಕ ಮತ್ತು ನೂಕುಬಲ ಎಷ್ಟು, ಎಷ್ಟು ಗಂಟೆ ಪರೀಕ್ಷೆಯಾಗಿದೆ ಅಂತ ಕೇಳಿಸಿ. ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಬಾಯಿಮಾತಿನ ಉತ್ತರ ಬೇಡುವ ಪ್ರಶ್ನೆಯಾದರೆ, ಅದರ ಸರದಿ ಬಂದಾಗ ಸಚಿವರು ಸದನದಲ್ಲೇ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು.

ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳನ್ನೂ ಬಿಡಬೇಡಿ. ಸಮಿತಿಯ ಶಿಫಾರಸಿಗೆ ಸರ್ಕಾರ ಏನು ಮಾಡಿತು ಅನ್ನುವುದು ಕ್ರಮಾನುಸರಣಾ ವರದಿಯಲ್ಲಿ ಸಿಗುತ್ತದೆ. ಆ ಉತ್ತರವನ್ನೂ ನಿಮ್ಮ ಹಾಳೆಯ ಬಲಭಾಗದಲ್ಲಿ ಬರೆದುಕೊಳ್ಳಿ.