ಮಣ್ಣು ಮಾಡೋದಾ, ಸುಡೋದಾ, ಮೆಡಿಕಲ್ ಕಾಲೇಜಿಗೆ ಕೊಡೋದಾ: ಕ್ರಿಶ್ಚಿಯನ್ ಮನೆಯವರು ಮೊದಲೇ ಕೂತು ಮಾತಾಡ್ಕೋಬೇಕಾದ್ದು

ನಾನು ಹೋದ್ಮೇಲೆ ನನ್ನ ದೇಹಾನ ಏನ್ಮಾಡ್ಬೇಕು ಅಂತ ಮನೇಲಿ ಮಾತೆತ್ತಿದ್ರೆ ಸಾಕು, "ಬಿಡ್ತು ಅನ್ನು" ಅಂತ ಬಾಯಿ ಮುಚ್ಚಿಸ್ತಾರೆ. ಆಮೇಲೆ ಜೀವ ಹೋದ ರಾತ್ರಿ ಶುರುವಾಗತ್ತೆ ನೋಡಿ, ಮಗ ಅಪ್ಪ ದೇಹದಾನ ಅಂತ ಹೇಳಿದ್ರು ಅಂತಾನೆ, ಮಗಳು ಅಮ್ಮನ ಗೋರಿಲೇ ಮಣ್ಣು ಮಾಡ್ಬೇಕು ಅಂತ ಅಳ್ತಾಳೆ, ದುಬೈಯಿಂದ ವಿಡಿಯೋ ಕಾಲಲ್ಲಿ ಇರೋ ಇನ್ನೊಬ್ಬ ಇದಕ್ಕೆಲ್ಲ ಚರ್ಚ್ ಒಪ್ಪಲ್ಲ ಅಂತ ಅಲ್ಲಿಂದ್ಲೇ ತೀರ್ಪು ಕೊಡ್ತಾನೆ, ಮಧ್ಯದಲ್ಲಿ ಪಾಪ ಫಾದರ್ ಸಿಕ್ಕಾಕೊಳ್ತಾರೆ. ನನ್ನ ಪ್ರಕಾರ ಚರ್ಚ್ ಏನು ಹೇಳತ್ತೆ ಅನ್ನೋದು ಇದರಲ್ಲಿ ಸುಲಭದ ಭಾಗ. ಕಷ್ಟ ಇರೋದು ಮನೆಯವರನ್ನ ಒಪ್ಪಿಸೋದ್ರಲ್ಲಿ ಮತ್ತೆ ಕಾಗದಪತ್ರದಲ್ಲಿ.

ಸುಲಭದ್ದನ್ನ ಮೊದಲು ಮುಗಿಸೋಣ. ನೀವು ಕ್ಯಾಥೊಲಿಕ್ ಆಗಿದ್ರೆ, ದಹನ ಪಾಪ ಅನ್ನೋದು ನಿಮ್ಮ ಅಜ್ಜನ ಕಾಲದ ಮಾತು. 1886ರಲ್ಲಿ ರೋಮ್ ದಹನಾನ ನಿಷೇಧ ಮಾಡಿದ್ದು ನಿಜ, ಆದ್ರೆ ಯಾಕೆ ಮಾಡ್ತು ಅಂದ್ರೆ ಆಗ ಯುರೋಪಲ್ಲಿ ಒಂದಷ್ಟು ಜನ ಪುನರುತ್ಥಾನ, ಅಂದ್ರೆ ಸತ್ತವರು ಕಡೇ ದಿನ ದೇಹ ಸಮೇತ ಎದ್ದು ಬರ್ತಾರೆ ಅನ್ನೋದೇ ಸುಳ್ಳು ಅಂತ ತೋರಿಸೋಕೆ, ಚರ್ಚಿಗೆ ಸೆಡ್ಡು ಹೊಡೆಯೋಕೆ ಅಂತ್ಲೇ ಸುಡಿಸ್ಕೊಳ್ತಿದ್ರು. ಆ ಗಲಾಟೆ ತಣ್ಣಗಾದ್ಮೇಲೆ 1963ರಲ್ಲಿ ನಿಷೇಧ ತೆಗೆದ್ರು, 1983ರ ಚರ್ಚ್ ಕಾನೂನಲ್ಲೂ ಅದೇ ಇದೆ, ಮಣ್ಣು ಮಾಡೋದೇ ಒಳ್ಳೇದು ಅಂತ ಶಿಫಾರಸು ಮಾಡ್ತೀವಿ, ನಂಬಿಕೆಗೆ ವಿರುದ್ಧವಾದ ಕಾರಣಕ್ಕೆ ಅಲ್ಲದಿದ್ರೆ ಸುಡೋದಕ್ಕೆ ಅಡ್ಡಿ ಇಲ್ಲ ಅಂತ. ಸಿಮೆಟ್ರೀಲಿ ಜಾಗ ಇಲ್ಲ, ಖರ್ಚು ಜಾಸ್ತಿ, ಮಕ್ಕಳೆಲ್ಲ ಫಾರಿನ್ನಲ್ಲಿದಾರೆ, ಇವೆಲ್ಲ ನಂಬಿಕೆಗೆ ವಿರುದ್ಧವಾದ ಕಾರಣಗಳಲ್ಲ. 2020ರಲ್ಲಿ ಕೇರಳದ ಆಲಪ್ಪುಳ ಲ್ಯಾಟಿನ್ ಧರ್ಮಪ್ರಾಂತ್ಯ ಕೋವಿಡ್‌ನಿಂದ ಸತ್ತವರನ್ನ ಸುಡೋಕೆ ಅನುಮತಿ ಕೊಟ್ಟಾಗ ತುಂಬಾ ಜನ ಹುಬ್ಬೇರಿಸಿದ್ರು, ಆದ್ರೆ ಆ ಬಾಗಿಲು ತೆಗೆದು ಆಗ್ಲೇ ಐವತ್ತು ವರ್ಷದ ಮೇಲಾಗಿತ್ತು.

ಸಿಎಸ್‌ಐ (ಆಂಗ್ಲಿಕನ್ ಮೂಲವೂ ಇರೋ ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೊಡಿಸ್ಟ್, ಬ್ಯಾಪ್ಟಿಸ್ಟ್ ಕಡೆ ಇದಕ್ಕೆ ಅಂತ ಕಟ್ಟುನಿಟ್ಟಿನ ನಿಷೇಧ ಇಲ್ಲ, ರೂಢಿ ಮಾತ್ರ ಮಣ್ಣಿಂದು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅತಿ ಹಿರಿಯ ಬಿಷಪ್ ಆಗಿದ್ದ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಅವರನ್ನೇ 1944ರಲ್ಲಿ ಸುಟ್ಟಿದ್ದು, ಅದಕ್ಕೇ ನಮ್ಮ ಸಿಎಸ್‌ಐ ಹಿರಿಯರು ಯಾರಾದ್ರೂ ಇದು ನಮ್ಮ ಪದ್ಧತಿ ಅಲ್ಲಪ್ಪ ಅಂದ್ರೆ ಈ ಹೆಸರು ಹೇಳಿ. ಪೆಂಟೆಕೋಸ್ಟಲ್ ಸಭೆಗಳಲ್ಲಿ ಎಲ್ಲಾ ಆ ಪಾಸ್ಟರ್ ಮೇಲೆ ನಿಂತಿರತ್ತೆ, ನೇರ ಕೇಳ್ಬೇಕು. ಆರ್ಥೊಡಾಕ್ಸ್ ಆಗಿದ್ರೆ ಮಾತ್ರ ಹುಷಾರು, ಅವರಲ್ಲಿ ದಹನಕ್ಕೆ ವಿರೋಧ ಇನ್ನೂ ಗಟ್ಟಿ, ಗ್ರೀಸಲ್ಲಿ ಮೊದಲ ಕ್ರೆಮಟೋರಿಯಂ ಶುರುವಾಗಿದ್ದೇ 2019ರಲ್ಲಿ, ಸುಡಿಸ್ಕೊಳ್ಳೋಕೆ ಇಷ್ಟಪಟ್ಟವರಿಗೆ ಶವಸಂಸ್ಕಾರದ ಪ್ರಾರ್ಥನೆ ಇಲ್ಲ ಅಂತ ಅಲ್ಲಿನ ಚರ್ಚ್ ಹೇಳಿಬಿಟ್ಟಿದೆ. ಬೆಂಗಳೂರಿನ ಮಲಂಕರ (ಕೇರಳ ಮೂಲದ ಆರ್ಥೊಡಾಕ್ಸ್) ಕುಟುಂಬಗಳು ಅಚ್ಚನ್ನ, ಅಂದ್ರೆ ತಮ್ಮ ಪಾದ್ರಿನ ಕೇಳದೆ ಮುಂದೆ ಹೋಗ್ಬೇಡಿ.

ಮನೇಲಿ ಬರೋ ದೊಡ್ಡ ಪ್ರಶ್ನೆ ಒಂದೇ, ಸುಟ್ರೆ ಅಥವಾ ಕುಯ್ದ್ರೆ ಕಡೇ ದಿನ ಹೇಗೆ ಎದ್ದು ಬರೋದು? ಇದನ್ನ ನಗಬೇಡಿ, ಅಜ್ಜಿಯರು ನಿಜವಾಗ್ಲೂ ಹೆದರ್ತಾರೆ. ಅವರಿಗೆ ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದ ಕಥೆ ಹೇಳಿ. ಕ್ರಿ.ಶ. 177ರಲ್ಲಿ ಅಲ್ಲಿ ಕ್ರೈಸ್ತರನ್ನ ಹಿಂಸೆ ಮಾಡಿ ಕೊಂದವರು ಇವರು ಅದ್ಹೇಗೆ ಎದ್ದು ಬರ್ತಾರೋ ನೋಡೇಬಿಡೋಣ ಅಂತ ದೇಹಗಳನ್ನ ಸುಟ್ಟು ಬೂದೀನ ರೋನ್ ನದಿಗೆ ಹಾಕಿದ್ರು, ಸಭೆ ಅವರನ್ನ ಇವತ್ತಿಗೂ ಹುತಾತ್ಮರು ಅಂತ್ಲೇ ನೆನೆಯತ್ತೆ, ಪುನರುತ್ಥಾನ ಇಲ್ಲದವರು ಅಂತ ಅಲ್ಲ. ಬೈಬಲಲ್ಲೇ ನೋಡಿ, ಅಬ್ರಹಾಮ ಹೆಂಡತಿ ಸಾರಳನ್ನ ಹೂಳೋಕೆ ನಾನೂರು ಶೆಕೆಲ್ ಬೆಳ್ಳಿ ಕೊಟ್ಟು ಗುಹೆ ಕೊಂಡ, ಅದೂ ಇದೆ, ಯಾಬೇಷದ ಜನ ರಾಜ ಸೌಲನ ದೇಹಾನ ಸುಟ್ಟು ಎಲುಬುಗಳನ್ನ ಮರದ ಕೆಳಗೆ ಹೂಣಿಟ್ಟರು, ಅದೂ ಇದೆ. ಮಣ್ಣಲ್ಲಿಟ್ಟ ದೇಹಾನೂ ಕೊನೆಗೆ ಮಣ್ಣೇ ಆಗೋದು, ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿ ಫಾದರ್ ಹೇಳೋದೂ ಅದನ್ನೇ ತಾನೆ.

ಈಗ ದಹನ ಅಂತ ತೀರ್ಮಾನ ಆದ್ರೆ ಏನ್ಮಾಡ್ಬೇಕು. ಬಲಿಪೂಜೆ (ಮಾಸ್) ಆಗೋವರೆಗೂ ದೇಹ ಚರ್ಚಲ್ಲಿರ್ಲಿ, ಪೂಜೆ ಮುಗಿದ್ಮೇಲೆ ವಿದ್ಯುತ್ ಚಿತಾಗಾರಕ್ಕೆ ತಗೊಂಡು ಹೋಗಿ, ಇದೇ ಚರ್ಚ್ ಇಷ್ಟಪಡೋ ಕ್ರಮ. ಬೆಂಗಳೂರಲ್ಲಿ ವಿಲ್ಸನ್ ಗಾರ್ಡನ್, ಹೆಬ್ಬಾಳ, ಕಲ್ಲಹಳ್ಳಿ ಕಡೆ ಇವೆ. ಸ್ಲಾಟ್ ಮೊದಲೇ ವಿಚಾರಿಸ್ಕೊಳ್ಳಿ, ಪೆಟ್ಟಿಗೆ ಸಮೇತ ಒಳಗೆ ಬಿಡ್ತಾರಾ ಅಂತಾನೂ ಕೇಳಿ, ಯಾಕಂದ್ರೆ ದುಬಾರಿ ಮರದ ಪೆಟ್ಟಿಗೆ ತಂದು ಗೇಟ್ ಹತ್ರ ವಾದ ಮಾಡೋ ಸೀನು ಯಾರಿಗೂ ಬೇಡ. ಅಸ್ಥಿ ವಿಷಯದಲ್ಲಿ ಕ್ಯಾಥೊಲಿಕ್ ನಿಯಮ ಸ್ವಲ್ಪ ಬಿಗಿ. 2016ರಲ್ಲಿ ವ್ಯಾಟಿಕನ್ ಸ್ಪಷ್ಟವಾಗಿ ಹೇಳ್ತು, ಅಸ್ಥೀನ ಗಾಳಿಗೆ ನೀರಿಗೆ ಚೆಲ್ಲಬಾರದು, ಮಕ್ಕಳು ಹಂಚ್ಕೋಬಾರದು, ಲಾಕೆಟ್ ಮಾಡಿ ಹಾಕ್ಕೋಬಾರದು, ಸಿಮೆಟ್ರಿ ಅಥವಾ ಚರ್ಚಿನಂಥ ಪವಿತ್ರ ಜಾಗದಲ್ಲೇ ಇಡ್ಬೇಕು. 2023ರ ಡಿಸೆಂಬರಲ್ಲಿ ಸ್ವಲ್ಪ ಸಡಿಲ ಮಾಡಿ, ಹೋದವರಿಗೆ ತುಂಬಾ ಬೇಕಾಗಿದ್ದ ಜಾಗದಲ್ಲಿ ಒಂದು ಸಣ್ಣ ಭಾಗ ಇಡೋ ಮನವಿ ಬಂದ್ರೆ ಚರ್ಚ್ ಅಧಿಕಾರಿಗಳು ಪರಿಶೀಲಿಸಬಹುದು ಅಂದ್ರು. ಹಾಗಂತ ಕಾವೇರಿಗೋ ಗೋಕರ್ಣಕ್ಕೋ ಹೊರಡಬೇಡಿ. ಅಸ್ಥಿ ಇಡೋ ಗೂಡು ನಿಮ್ಮ ಸಿಮೆಟ್ರೀಲಿ ಇದ್ಯಾ ಕೇಳಿ, ಇಲ್ಲಾಂದ್ರೆ ಫ್ಯಾಮಿಲಿ ಗೋರಿ ತೆಗೆಸಿ ಅದರಲ್ಲೇ ಇಡಬಹುದು, ಒಂದೇ ಗೋರೀಲಿ ಎಷ್ಟೋ ಜನರ ಅಸ್ಥಿಗೆ ಜಾಗ ಆಗತ್ತೆ.

ಮಣ್ಣು ಮಾಡೋದರ ಬಗ್ಗೆ ನಾನು ಜಾಸ್ತಿ ಹೇಳೋದೇನಿಲ್ಲ, ಎಲ್ಲರಿಗೂ ಗೊತ್ತಿರೋದೇ. ಗೋರಿ ಪರ್ಮನೆಂಟಾ ಅಥವಾ ಕೆಲವು ವರ್ಷ ಆದ್ಮೇಲೆ ತೆಗೆದು ಬೇರೆಯವರಿಗೆ ಕೊಡ್ತಾರಾ, ಯಾರ ಹೆಸರಲ್ಲಿ ರಸೀದಿ ಇದೆ, ಸಿಮೆಟ್ರಿ ಬಾಕಿ ಏನಾದ್ರೂ ಇದ್ಯಾ, ಇಷ್ಟು ಕೇಳಿಟ್ಕೊಳ್ಳಿ. ಹಳೇ ರಸೀದಿ ಹುಡುಕೋಕೆ ಆ ದಿನ ಟೈಮ್ ಸಿಗಲ್ಲ.

ದೇಹದಾನ ಅಂದ್ರೆ ಬೇರೆ ಕಥೆ, ಇದರಲ್ಲೇ ಜನ ಜಾಸ್ತಿ ಎಡವೋದು. ಮೊದಲು ಮೂರು ವಿಷಯ ಬಿಡಿಸ್ಕೊಳ್ಳಿ, ಕಣ್ಣು ದಾನ ಬೇರೆ, ಅಂಗಾಂಗ ದಾನ ಬೇರೆ, ಇಡೀ ದೇಹ ಕೊಡೋದು ಬೇರೆ. ಮೂರಕ್ಕೂ ಕ್ಯಾಥೊಲಿಕ್ ಚರ್ಚಿಂದ ತಡೆ ಇಲ್ಲ, ಸತ್ತ ಮೇಲೆ ಅಂಗ ಕೊಡೋದು ಪುಣ್ಯದ ಕೆಲಸ ಅಂತ ಚರ್ಚಿನ ಧರ್ಮೋಪದೇಶದ ಪುಸ್ತಕದಲ್ಲೇ (ಕ್ಯಾಟೆಕಿಸಂ) ಇದೆ, ಕೇರಳದ ಪಾಲಾ ಧರ್ಮಪ್ರಾಂತ್ಯದ ಸಹಾಯಕ ಬಿಷಪ್ ಆಗಿದ್ದ ಜೇಕಬ್ ಮುರಿಕ್ಕನ್ ಅಂತೂ ಬದುಕಿರುವಾಗ್ಲೇ 2016ರಲ್ಲಿ ಒಬ್ಬ ಹಿಂದೂ ಯುವಕನಿಗೆ ತಮ್ಮ ಕಿಡ್ನಿ ಕೊಟ್ಟಿದಾರೆ. ಮಧ್ಯಯುಗದಲ್ಲಿ ಪೋಪ್ ಶವ ಕುಯ್ಯೋದನ್ನ ನಿಷೇಧ ಮಾಡಿದ್ರು ಅಂತ ಯಾರಾದ್ರೂ ವಾಟ್ಸಾಪಲ್ಲಿ ಕಳಿಸಿದ್ರೆ ತಲೆ ಕೆಡಿಸ್ಕೋಬೇಡಿ, 1299ರಲ್ಲಿ ಎಂಟನೇ ಬೋನಿಫೇಸ್ ಬೈದಿದ್ದು ದೂರದೇಶದಲ್ಲಿ ಸತ್ತವರ ದೇಹಾನ ಕತ್ತರಿಸಿ ಕುದಿಸಿ ಎಲುಬು ಮಾತ್ರ ಊರಿಗೆ ಸಾಗಿಸೋ ಪದ್ಧತೀನ, ವೈದ್ಯಕೀಯ ಪಾಠಾನ ಅಲ್ಲ.

ಅಂಗಾಂಗ ದಾನ ಅಂದ್ರೆ ಸಾಮಾನ್ಯವಾಗಿ ಆಸ್ಪತ್ರೇಲಿ ಮಿದುಳು ಸತ್ತಿದೆ ಅಂತ ಡಾಕ್ಟರುಗಳು ಘೋಷಣೆ ಮಾಡಿದಾಗ ಮಾತ್ರ, ಕರ್ನಾಟಕದಲ್ಲಿ ಇದನ್ನ ನೋಡ್ಕೊಳ್ಳೋದು ಜೀವಸಾರ್ಥಕತೆ ಅನ್ನೋ ಸರ್ಕಾರಿ ಸಂಸ್ಥೆ. ಹೀಗೆ ಅಂಗ ತೆಗೆದ್ರೆ ಆ ದೇಹಾನ ಮೆಡಿಕಲ್ ಕಾಲೇಜಿನ ಅನಾಟಮಿ (ದೇಹರಚನೆ ಕಲಿಸೋ) ವಿಭಾಗದವರು ಸಾಮಾನ್ಯವಾಗಿ ತಗೊಳ್ಳಲ್ಲ, ಅದಕ್ಕೇ ಎರಡಕ್ಕೂ ಸೈನ್ ಹಾಕಿದ್ರೆ ಯಾವುದು ಮೊದಲು ಅಂತ ಬರೆದಿಡಿ, ನಾನಾಗಿದ್ರೆ ಅಂಗಾಂಗಕ್ಕೇ ಮೊದಲ ಜಾಗ ಕೊಡ್ತೀನಿ. ಕಣ್ಣು ಮಾತ್ರ ಇದಕ್ಕೆ ಅಡ್ಡಿ ಅಲ್ಲ, ಕಣ್ಣೂ ಕೊಟ್ಟು ದೇಹಾನೂ ಕೊಡಬಹುದು. ರಾಜ್‌ಕುಮಾರ್, ಪುನೀತ್ ಕಣ್ಣು ಕೊಟ್ಟಿದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಜೀವ ಹೋದ ಆರು ಗಂಟೆ ಒಳಗೆ ಐ ಬ್ಯಾಂಕಿನವರು ಬರ್ಬೇಕು, ಅವರು ಬರೋವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನ್ ಆಫ್ ಮಾಡಿ, ತಲೆ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ.

ಇಡೀ ದೇಹಕ್ಕೆ ಬಂದ್ರೆ, ನಿಮ್ಮ ಊರಿಗೆ ಹತ್ತಿರದ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕೆ ಹೋಗಿ ಫಾರ್ಮ್ ತಗೊಳ್ಳಿ. ಬೆಂಗಳೂರಲ್ಲಿ ಸೇಂಟ್ ಜಾನ್ಸ್, ಮಂಗಳೂರಲ್ಲಿ ಫಾದರ್ ಮುಲ್ಲರ್ ಎರಡೂ ಚರ್ಚಿನವೇ ಕಾಲೇಜುಗಳು, ಕ್ರೈಸ್ತರಿಗೆ ಇದರಲ್ಲಿ ಏನು ಅನುಕೂಲ ಅಂದ್ರೆ ಮನೆಯವರು ಇದು ಧರ್ಮವಿರೋಧಿ ಅಂತ ಕೂಗಾಡೋಕೆ ಬರಲ್ಲ. ಫಾರ್ಮಲ್ಲಿ ನಿಮ್ಮ ಸೈನ್ ಜೊತೆ ಹತ್ತಿರದ ಸಂಬಂಧಿಗಳದ್ದು, ಸಾಕ್ಷಿಗಳದ್ದು ಬೇಕಾಗತ್ತೆ. ಸೈನ್ ಹಾಕ್ಸೋವಾಗ ಒಪ್ಪೋ ಮಗನ್ನ ಮಾತ್ರ ಕರ್ಕೊಂಡು ಹೋಗ್ಬೇಡಿ, ವಿರೋಧ ಮಾಡೋಳನ್ನೇ ಸಾಕ್ಷಿ ಮಾಡಿ, ಅಲ್ಲೇ ಜಗಳ ಆಗಿ ಮುಗೀಲಿ. ಕೇರಳದ ಸಿಪಿಎಂ ನಾಯಕ ಎಂ. ಎಂ. ಲಾರೆನ್ಸ್ 2024ರ ಸೆಪ್ಟೆಂಬರಲ್ಲಿ ತೀರಿಕೊಂಡಾಗ ಏನಾಯ್ತು ನೆನಪಿದ್ಯಾ, ದೇಹ ಮೆಡಿಕಲ್ ಕಾಲೇಜಿಗೆ ಅಂತ ತಂದೆ ಬಾಯಲ್ಲಿ ಹೇಳಿದ್ರು ಅಂತ ಮಗ, ಇಲ್ಲ ಚರ್ಚಿನ ವಿಧಿಯಂತೆ ಮಣ್ಣು ಮಾಡ್ಬೇಕು ಅಂತ ಮಗಳು, ಹೈಕೋರ್ಟಿಗೆ ಹೋಗಿ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿ 2025ರವರೆಗೂ ಎಳೀತು. ಕೊನೆಗೆ ದಾನವೇ ಗೆದ್ದಿತು, ಆದ್ರೆ ಒಂದು ಕಾಗದ ಇದ್ದಿದ್ರೆ ಇಷ್ಟು ದೂರ ಹೋಗ್ತಿತ್ತಾ?

ಆಸೆನ ವಿಲ್ಲಲ್ಲಿ ಮಾತ್ರ ಬರೆದು ಬೀರುಲಿ ಇಡಬೇಡಿ, ವಿಲ್ ತೆಗೆಯೋದೇ ಎಲ್ಲಾ ಕಾರ್ಯ ಮುಗಿದ್ಮೇಲೆ. ಒಂದು ಹಾಳೇಲಿ ಬರೆದು ಸೈನ್ ಹಾಕಿ ಒಂದು ಕಾಪಿ ಮನೇಲಿ ಕಾಣೋ ಜಾಗದಲ್ಲಿ, ಒಂದು ಧರ್ಮಕೇಂದ್ರದ ಫಾದರಿಗೆ ಅಥವಾ ಅಯ್ಯನವರಿಗೆ (ಪ್ರೊಟೆಸ್ಟೆಂಟ್ ಪಾಸ್ಟರಿಗೆ), ಒಂದು ಮಕ್ಕಳ ಫೋನಲ್ಲಿ ಫೋಟೋ. ಕಾಲೇಜಿನ ನಂಬರೂ ಅದರಲ್ಲೇ ಇರ್ಲಿ, ಯಾಕಂದ್ರೆ ದೇಹ ಹಾಳಾಗೋಕೆ ಮೊದಲು ಕೆಲವೇ ಗಂಟೆಗಳಲ್ಲಿ ತಲುಪಿಸ್ಬೇಕು, ತಡ ಆಗೋ ಹಾಗಿದ್ರೆ ಶೀತಲ ಪೆಟ್ಟಿಗೆಯಲ್ಲಿಡಿ. ಗಾಡಿ ಅವರು ಕಳಿಸ್ತಾರಾ ನೀವು ಮಾಡ್ಕೋಬೇಕಾ ಅನ್ನೋದೂ ಈಗ್ಲೇ ಕೇಳಿ.

ಇನ್ನೊಂದು, ಫಾರ್ಮ್ ತುಂಬಿದ್ರೆ ತಗೊಂಡೇ ತಗೋತಾರೆ ಅಂತಿಲ್ಲ. ಪೋಸ್ಟ್‌ಮಾರ್ಟಂ ಆಗಿದ್ರೆ, ಅಪಘಾತ ಆತ್ಮಹತ್ಯೆ ಅಂತ ಪೊಲೀಸ್ ಕೇಸ್ ಇದ್ರೆ, ಎಚ್‌ಐವಿ ಹೆಪಟೈಟಿಸ್‌ನಂಥ ಸೋಂಕು ಇದ್ರೆ ಬೇಡ ಅಂತಾರೆ. ಅದಕ್ಕೆ ಹಾಳೇಲಿ ಎರಡನೇ ಸಾಲು ಕಡ್ಡಾಯ, ಕಾಲೇಜು ಒಪ್ಪದಿದ್ರೆ ಇಂಥ ಸಿಮೆಟ್ರೀಲಿ ಮಣ್ಣು ಮಾಡಿ ಅಂತ.

ಪೂಜೆ ತಪ್ಪಿ ಹೋಗತ್ತೆ ಅನ್ನೋ ಭಯ ಬೇಡ. ಬೆಳಿಗ್ಗೆ ಚರ್ಚಲ್ಲಿ ದೇಹ ಇಟ್ಟು ಬಲಿಪೂಜೆ ಮಾಡಿ, ಅಲ್ಲಿಂದ ಸಿಮೆಟ್ರಿ ಬದಲು ಕಾಲೇಜಿಗೆ ಹೋಗಬಹುದು, ಏಳನೇ ದಿನದ ಪೂಜೆ ವರ್ಷದ ಪೂಜೆ ಎಲ್ಲ ಮಾಮೂಲಿನಂತೆ. ಕ್ಯಾಥೊಲಿಕ್ಕರು ಒಂದು ಮಾತು ಮೊದಲೇ ಕೇಳ್ಬೇಕು, ಕಲಿಕೆ ಮುಗಿದ್ಮೇಲೆ ಉಳಿದದ್ದನ್ನ ಏನ್ಮಾಡ್ತೀರಿ, ವಾಪಸ್ ಕೊಡ್ತೀರಾ, ಇಲ್ಲ ನೀವೇ ಮರ್ಯಾದೆಯಿಂದ ಮಣ್ಣು ಮಾಡ್ತೀರಾ ಅಂತ, ಯಾಕಂದ್ರೆ ಉಳಿದದ್ದು ಕೊನೆಗೆ ಪವಿತ್ರ ಜಾಗ ಸೇರ್ಬೇಕು ಅನ್ನೋದು ಚರ್ಚಿನ ಆಸೆ. ವರ್ಷಗಳೇ ಆಗಬಹುದು, ಆ ತಾಳ್ಮೆ ಮನೆಯವರಿಗೆ ಇದ್ಯಾ ನೋಡ್ಕೊಳ್ಳಿ.

ದೇಹ ಒಪ್ಪಿಸೋವಾಗ ಡಾಕ್ಟರ್ ಕೊಟ್ಟ ಸಾವಿನ ಕಾರಣದ ಸರ್ಟಿಫಿಕೇಟು, ಹೋದವರ ಮತ್ತೆ ಒಪ್ಪಿಸೋವರ ಆಧಾರ್ ಕಾಪಿ ತಗೊಂಡು ಹೋಗಿ, ಕಾಲೇಜಿಂದ ದೇಹ ಸ್ವೀಕರಿಸಿದ ಪತ್ರ ಇಸ್ಕೊಳ್ಳದೆ ಬರ್ಬೇಡಿ. ಸಿಮೆಟ್ರಿ ರಸೀದಿ ಇರಲ್ವಲ್ಲ, ಮರಣ ನೋಂದಣಿಗೆ ಆ ಪತ್ರಾನೇ ತೋರಿಸ್ಬೇಕಾಗತ್ತೆ, ಅದನ್ನ 21 ದಿನದ ಒಳಗೆ ಮಾಡಿಸಿ.