ಕಬ್ಬಿಗೆ ಹೋದವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿಯಬೇಕಾದರೆ

ವಿಜಯಪುರದ ಲಂಬಾಣಿ ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುವುದು ದೀಪಾವಳಿ ಆಸುಪಾಸಿಗೆ. ಮತದಾರರ ಪಟ್ಟಿಯ ಪರಿಷ್ಕರಣೆಯೂ ಸಾಮಾನ್ಯವಾಗಿ ಅದೇ ಹೊತ್ತಿಗೆ. ಪಟ್ಟಿ ಪರಿಶೀಲಿಸುವ ಮತಗಟ್ಟೆ ಅಧಿಕಾರಿ (ಬಿಎಲ್‌ಒ) ಬಂದಾಗ ಮನೆಗೆ ಕೀಲಿ. 'ಸ್ಥಳಾಂತರ' ಎಂದು ಗುರುತು ಬೀಳುತ್ತದೆ. ಹೆಸರು ಸೇರಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಇಲ್ಲಿ ದೊಡ್ಡ ಕೆಲಸ.

ಮೊದಲು ಒಂದೇ ಊರು ಗಟ್ಟಿ ಮಾಡಿ. ಎರಡು ಕಡೆ ಹೆಸರಿರುವಂತಿಲ್ಲ. ದುಡಿಯಲು ಹೋಗುವ ಊರಿಗಿಂತ ಮರಳಿ ಬರುವ ಊರೇ ಒಳ್ಳೆಯದು: ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ವಾಸ ತಪ್ಪುವುದಿಲ್ಲ ಎನ್ನುತ್ತದೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಂ.

ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೂ ವಿಳಾಸ ಬದಲಿಗೂ ನಮೂನೆ 8. ಗ್ಯಾಂಗು ಊರಲ್ಲೇ ಇರುವ ಮಳೆಗಾಲದಲ್ಲಿ ಅರ್ಜಿ ಹಾಕಿಬಿಡಿ. ಅರ್ಹತಾ ದಿನಗಳು (18 ವರ್ಷ ತುಂಬಿದೆಯೇ ಎಂದು ಲೆಕ್ಕ ಹಾಕುವ ದಿನಗಳು) ಈಗ ವರ್ಷಕ್ಕೆ ನಾಲ್ಕಿವೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ವಿಳಾಸದಲ್ಲಿ ತಾಂಡಾದ ನಂಬರ್ ಬಿಟ್ಟರೆ ಹೆಸರು ಬೇರೆ ಬೂತಿಗೆ ಬಿದ್ದೀತು. ಒಂದು ದಾಖಲೆಯಲ್ಲಿ 'ಲಕ್ಷ್ಮೀಬಾಯಿ', ಇನ್ನೊಂದರಲ್ಲಿ 'ಲಚ್ಚಿಬಾಯಿ' ಇದ್ದರೆ ಮೊದಲೇ ಒಂದು ಮಾಡಿಸಿ.

ಬಯಲಲ್ಲಿ ಗುಡಾರ ಹಾಕುವ ಹರಣಶಿಕಾರಿ, ಬುಡಬುಡಕಿ, ಸುಡುಗಾಡು ಸಿದ್ಧರಿಗೆ ಮನೆ ನಂಬರೂ ಇಲ್ಲ, ಕರೆಂಟ್ ಬಿಲ್ಲೂ ಇಲ್ಲ. 'ರೇಷನ್ ಕಾರ್ಡ್ ತರ್ರಿ' ಎಂದು ವಾಪಸ್ ಕಳಿಸಿದರೆ ಸುಮ್ಮನೆ ಬರಬೇಡಿ. ಮನೆಯಿಲ್ಲದವರಿಗೆ ಚುನಾವಣಾ ಆಯೋಗದ ನಿಯಮವೇ ಬೇರೆ: ಬಿಎಲ್‌ಒ ಒಂದಕ್ಕಿಂತ ಹೆಚ್ಚು ರಾತ್ರಿ ಬಂದು, ಅರ್ಜಿದಾರರು ಅಲ್ಲೇ ಮಲಗುವುದನ್ನು ಖಚಿತಪಡಿಸಿಕೊಂಡರೆ ವಾಸದ ದಾಖಲೆ ಬೇಕಿಲ್ಲ. ಹಾಗಾಗಿ ಅರ್ಜಿಯಲ್ಲಿ ಕತ್ತಲಲ್ಲೂ ಸಿಗುವಂಥ ಗುರುತು ಕೊಡಿ: 'ಸ್ಟೇಷನ್ ಹಿಂದಿನ ಬಯಲು, ಬೇವಿನಮರದಿಂದ ಮೂರನೇ ಗುಡಾರ'. ಬಿಎಲ್‌ಒ ಬರುವ ವಾರ ಜಾತ್ರೆ, ಸಂತೆ ಎಂದು ಊರು ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ.

ಸ್ವೀಕೃತಿ ಚೀಟಿ ಇಲ್ಲದೆ ಎದ್ದು ಬರಬೇಡಿ. ಗ್ಯಾಂಗು ಹೊರಡುವ ಮುಂಚೆ ಎಲ್ಲರ ಎಪಿಕ್ (ಮತದಾರರ ಗುರುತಿನ ಚೀಟಿ) ನಂಬರ್, ಒಂದೆರಡು ಫೋನ್ ನಂಬರ್ ಬರೆದ ಹಾಳೆ ತಾಂಡಾದ ನಾಯಕರ ಬಳಿಯೋ, ಮಕ್ಕಳನ್ನು ನೋಡಿಕೊಳ್ಳಲು ಉಳಿಯುವ ಅಜ್ಜಿಯ ಬಳಿಯೋ ಇರಲಿ. ಬಿಎಲ್‌ಒ ಕೇಳಿದಾಗ 'ಊರು ಬಿಟ್ಟಿಲ್ರಿ, ಕಬ್ಬಿಗೆ ಹೋಗ್ಯಾರ, ಸೀಸನ್ ಮುಗದ್ರ ಬರ್ತಾರ' ಎಂದು ಹೇಳುವವರು ಬೇಕು. ಕರಡು ಪಟ್ಟಿಯನ್ನೂ ಆ ಹಾಳೆ ಹಿಡಿದೇ ನೋಡಿ.

ಸ್ಥಳಾಂತರವೆಂದು ಹೆಸರು ತೆಗೆಯುವ ಮುಂಚೆ ಅಹವಾಲು ಹೇಳಲು ಅವಕಾಶ ಕೊಡಲೇಬೇಕು. ಆದೇಶ ವಿರುದ್ಧವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಮಾಹಿತಿಗೆ 1950ಕ್ಕೆ ಫೋನ್ ಮಾಡಬಹುದು.

ಗ್ರಾಮ ಪಂಚಾಯಿತಿ ಪಟ್ಟಿಗೂ ವಿಧಾನಸಭೆಯ ಪಟ್ಟಿಯೇ ಆಧಾರ. ಪಂಚಾಯಿತಿಗೆ ನಿಲ್ಲಲು 21 ವರ್ಷ ತುಂಬಿರಬೇಕು. ಲಂಬಾಣಿಗರು ಪರಿಶಿಷ್ಟ ಜಾತಿ, ಹರಣಶಿಕಾರಿಗಳು ಪರಿಶಿಷ್ಟ ಪಂಗಡ. ಮೀಸಲು ಸ್ಥಾನಕ್ಕೆ ನಿಲ್ಲುವವರು ಸರಿಯಾದ ಜಾತಿ ಪ್ರಮಾಣಪತ್ರವನ್ನು ಚುನಾವಣೆ ಘೋಷಣೆಯಾಗುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.