ಕ್ಯಾಥೊಲಿಕ್ ಹೈಸ್ಕೂಲಿನ ಸ್ಕಾಲರ್‌ಶಿಪ್ ನಿಧಿ: ನಾಲ್ಕು ವರ್ಷದ ಲೆಕ್ಕ

ಅಮೆರಿಕದ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡನೇ ತರಗತಿ, ನಾಲ್ಕು ವರ್ಷ. ಅಲ್ಲಿನ ಕ್ಯಾಥೊಲಿಕ್ ಹೈಸ್ಕೂಲು ಮಕ್ಕಳಿಗಾಗಿ ಸ್ಕಾಲರ್‌ಶಿಪ್ ನಿಧಿ ಕಟ್ಟುವವರು ಎಡವುವುದು ಹೆಚ್ಚಾಗಿ ಈ ‘ನಾಲ್ಕು’ ಎಂಬ ಅಂಕಿಯಲ್ಲೇ. ವರ್ಷಕ್ಕೆ 10,000 ಡಾಲರ್ ದೇಣಿಗೆ ಬರುತ್ತದೆ, ತಲೆಗೆ 2,500ರಂತೆ ನಾಲ್ವರಿಗೆ ಕೊಡೋಣ ಎಂದು ಮೊದಲ ಸಭೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಮರುವರ್ಷ ಆ ನಾಲ್ವರಿಗೂ ಮುಂದುವರಿಸಿದರೆ ಹೊಸಬರಿಗೆ ಒಂದು ಡಾಲರೂ ಉಳಿಯುವುದಿಲ್ಲ. ಹೊಸಬರಿಗೆ ಕೊಟ್ಟರೆ ಹಳಬರು ಹತ್ತನೇ ತರಗತಿಯಲ್ಲಿ ಶುಲ್ಕ ಕಟ್ಟಲಾಗದೆ ಶಾಲೆ ಬದಲಿಸಬೇಕಾಗುತ್ತದೆ.

ಅದಕ್ಕೇ ನಮ್ಮ ನಿಧಿಯಲ್ಲಿ ನಾವು ವರ್ಷಕ್ಕೆ ಒಬ್ಬರನ್ನೇ ಹೊಸದಾಗಿ ಆರಿಸುತ್ತೇವೆ. ಮೊದಲ ವರ್ಷದ ಖರ್ಚು 2,500, ಎರಡನೇ ವರ್ಷ 5,000, ಮೂರನೇ ವರ್ಷ 7,500. ನಾಲ್ಕನೇ ವರ್ಷದಿಂದ 10,000ಕ್ಕೆ ಬಂದು ನಿಲ್ಲುತ್ತದೆ. ಮೊದಲ ಮೂರು ವರ್ಷದಲ್ಲಿ ಉಳಿದದ್ದು ಒಟ್ಟು 15,000. ಅದನ್ನು ಮೀಸಲಾಗಿ ಇಡುತ್ತೇವೆ. ಒಂದು ವರ್ಷ ದೇಣಿಗೆ ಪೂರ್ತಿ ಕೈಕೊಟ್ಟರೂ ಓದುತ್ತಿರುವ ಮಕ್ಕಳ ಶುಲ್ಕ ನಿಲ್ಲಬಾರದು. ‘ಬ್ಯಾಂಕಿನಲ್ಲಿ ದುಡ್ಡು ಸುಮ್ಮನೆ ಕೂತಿದೆಯಲ್ಲ’ ಎಂದು ಎರಡನೇ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರ ಮುಂದೆ ಈ ನಾಲ್ಕು ಸಾಲಿನ ಲೆಕ್ಕ ಇಟ್ಟರೆ ಸಾಕು. ವರ್ಷ ವರ್ಷ ಚಂದಾ ಎತ್ತುವ ಬದಲು ಮೂಲಧನ ಇಟ್ಟು ಶೇ 4ರಷ್ಟೇ ತೆಗೆಯುವುದಾದರೆ, ಇದೇ 10,000 ಡಾಲರಿಗೆ ಎರಡೂವರೆ ಲಕ್ಷ ಡಾಲರ್ ಬೇಕು.

ಎರಡನೇ ತೊಡಕು ಕಣ್ಣಿಗೆ ಬೀಳುವಂಥದ್ದಲ್ಲ. ಒಂದು ಮಾದರಿ ಲೆಕ್ಕ ನೋಡಿ: ವಾರ್ಷಿಕ ಶುಲ್ಕ 14,000, ಶಾಲೆಯೇ ಬಿಡುವ ರಿಯಾಯಿತಿ 5,000, ಮನೆಯವರು ಕಷ್ಟಪಟ್ಟು ಕಟ್ಟಬಲ್ಲದ್ದು 6,500. ಕೊರತೆ 2,500. ನಮ್ಮ 2,500 ಸೇರಿದರೆ ಲೆಕ್ಕ ಚುಕ್ತಾ. ಆದರೆ ‘ಹೊರಗಿನ ಸ್ಕಾಲರ್‌ಶಿಪ್ ಬಂದಿದೆ’ ಎಂದು ಶಾಲೆ ತನ್ನ ರಿಯಾಯಿತಿಯನ್ನು 2,500ಕ್ಕೆ ಇಳಿಸಿದರೆ ಮನೆಯವರು ಇದ್ದಲ್ಲೇ ಇರುತ್ತಾರೆ. ಮಗುವಿಗೆಂದು ಕೊಟ್ಟ ಹಣ ಶಾಲೆಯ ಬಜೆಟ್ಟಿಗೆ ಸೇರಿತು ಅಷ್ಟೆ. ಇದರಲ್ಲಿ ಶಾಲೆಯ ದುರುದ್ದೇಶವೇನೂ ಇರಬೇಕಿಲ್ಲ, ರಿಯಾಯಿತಿ ಸಮಿತಿಯ ಕೈಯಲ್ಲಿರುವ ಗಂಟು ಚಿಕ್ಕದು. ಹಾಗಾಗಿ ಮೊದಲ ಚೆಕ್ಕಿಗೆ ಮುಂಚೆಯೇ ಒಂದು ಪುಟದ ಒಪ್ಪಂದ ಮಾಡಿಕೊಳ್ಳುತ್ತೇವೆ: ಹಣ ಮೊದಲು ಕೊರತೆಗೆ ಹೋಗಬೇಕು, ಮಿಕ್ಕಿದರೆ ಮಾತ್ರ ರಿಯಾಯಿತಿಯಲ್ಲಿ ಕಳೆಯಬಹುದು. ಮನೆಯವರ ಅಂತಿಮ ಬಿಲ್ಲಿನ ಪ್ರತಿ ತರಿಸಿಕೊಂಡು ಮುಂಚಿನದರ ಜೊತೆ ಹೋಲಿಸುವುದೂ ಕಡ್ಡಾಯ. ಶಾಲೆಗಳೆಲ್ಲ ಒಂದೇ ಬಗೆಯವೂ ಅಲ್ಲ. ನ್ಯೂಯಾರ್ಕಿನ ರೀಜಿಸ್ ಹೈಸ್ಕೂಲು 1914ರಲ್ಲಿ ಶುರುವಾದಾಗಿನಿಂದ ಬೋಧನಾ ಶುಲ್ಕವನ್ನೇ ಪಡೆಯುವುದಿಲ್ಲ. 1996ರಲ್ಲಿ ಶಿಕಾಗೊದಲ್ಲಿ ಆರಂಭವಾದ ಕ್ರಿಸ್ಟೊ ರೇ ಮಾದರಿಯ ಶಾಲೆಗಳಲ್ಲಿ ಮಕ್ಕಳು ತಿಂಗಳಿಗೆ ಐದು ದಿನ ಕಚೇರಿಗಳಲ್ಲಿ ಕೆಲಸ ಮಾಡಿ ಶುಲ್ಕದ ದೊಡ್ಡ ಪಾಲನ್ನು ಗಳಿಸುತ್ತಾರೆ. ಇಂಥ ಕಡೆ ಮೊತ್ತ ನಿಗದಿಪಡಿಸುವಾಗ ಶಾಲೆಯ ಹೆಸರನ್ನಲ್ಲ, ಆ ಮನೆಯ ಕೊರತೆಯನ್ನು ನೋಡಬೇಕು.

ಕೊರತೆ ಎಷ್ಟೆಂದು ತಿಳಿಯಲು ನಾವು ಹೊಸ ಅರ್ಜಿ ಮಾಡಿಲ್ಲ. ಬಹಳಷ್ಟು ಶಾಲೆಗಳು ಫ್ಯಾಕ್ಟ್ಸ್ ಎಂಬ ಸೇವೆಯ ಮೂಲಕ ತೆರಿಗೆ ವಿವರ, ಸಂಬಳದ ಡಬ್ಲ್ಯೂ-2 ಪತ್ರ ಎಲ್ಲ ತರಿಸಿಕೊಂಡಿರುತ್ತವೆ. ಪೋಷಕರ ಸಹಿ ಮಾಡಿದ ಒಪ್ಪಿಗೆ ಪಡೆದು ಶಾಲೆಯಿಂದ ಫಲಿತಾಂಶವನ್ನಷ್ಟೇ ಕೇಳಿದರೆ ಆಯಿತು. ಬೇರೆಯವರ ತೆರಿಗೆ ಕಾಗದಗಳು ಸಮಿತಿಯವರ ಮೇಜಿನ ಮೇಲೆ ಬೀಳದಿರುವುದೇ ಕ್ಷೇಮ.

ಇನ್ನು ಸಮಯ. ಎಂಟನೇ ತರಗತಿಯ ಮಕ್ಕಳು ಪ್ರವೇಶ ಪರೀಕ್ಷೆ ಬರೆಯುವುದು ಸಾಮಾನ್ಯವಾಗಿ ನವೆಂಬರ್–ಜನವರಿ ನಡುವೆ. ಆಮೇಲೆ ಪ್ರವೇಶ ಸಿಕ್ಕಿತೆಂಬ ಪತ್ರ, ಕೆಲವೇ ವಾರಗಳಲ್ಲಿ ಮುಂಗಡ ಕಟ್ಟುವ ಗಡುವು. ಮೇ ತಿಂಗಳ ಬಹುಮಾನ ವಿತರಣೆಯ ದಿನ ವೇದಿಕೆಯಲ್ಲಿ ಸ್ಕಾಲರ್‌ಶಿಪ್ ಘೋಷಿಸಿದರೆ ಅದು ಊಟಕ್ಕಿಲ್ಲದ ಉಪ್ಪಿನಕಾಯಿ. ಹಣವಿಲ್ಲದ ಮನೆ ಅಷ್ಟರಲ್ಲಿ ಸರ್ಕಾರಿ ಶಾಲೆಗೆ ಹೆಸರು ಬರೆಸಿರುತ್ತದೆ. ನಮ್ಮ ಅರ್ಜಿಯ ಕೊನೆಯ ದಿನ ಡಿಸೆಂಬರ್ 15, ತೀರ್ಮಾನದ ಪತ್ರ ಶಾಲೆಯ ಮುಂಗಡದ ಗಡುವಿಗೆ ಹತ್ತು ದಿನ ಮುಂಚೆ. ಪರೀಕ್ಷೆಯ ಅಂಕ ತಡವಾಗಿ ಬಂದರೆ ಅದಷ್ಟನ್ನು ಆಮೇಲೆ ಸೇರಿಸಿಕೊಳ್ಳುತ್ತೇವೆ. ವೇದಿಕೆ, ಹಾರ, ಫೋಟೊ ಮೇ ತಿಂಗಳಲ್ಲೇ ಆಗಲಿ, ಯಾರದ್ದೂ ತಕರಾರಿಲ್ಲ.

ಅನೇಕ ಕಡೆ ಬಳಸುವ ಪ್ರವೇಶ ಪರೀಕ್ಷೆ ಎಚ್‌ಎಸ್‌ಪಿಟಿ (ಹೈಸ್ಕೂಲ್ ಪ್ಲೇಸ್‌ಮೆಂಟ್ ಟೆಸ್ಟ್). ಐದು ಭಾಗ, 298 ಪ್ರಶ್ನೆ, ಬಿಡುವು ಬಿಟ್ಟು ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲನೆಯ ಶಬ್ದಸಾಮರ್ಥ್ಯದ ಭಾಗದಲ್ಲಿ 60 ಪ್ರಶ್ನೆಗೆ ಸಿಗುವುದು 16 ನಿಮಿಷ, ಅಂದರೆ ಒಂದಕ್ಕೆ 16 ಸೆಕೆಂಡು. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಗು ಇಲ್ಲಿ ಹಿಂದೆ ಬಿದ್ದು ಗಣಿತದಲ್ಲಿ ಮೇಲೇಳಬಹುದು; ಒಟ್ಟು ಅಂಕ ಅದನ್ನು ಮುಚ್ಚಿಹಾಕುತ್ತದೆ. ಐದೂ ಭಾಗದ ಅಂಕ ಬೇರೆ ಬೇರೆ ಬರೆದುಕೊಳ್ಳಿ. ಪರ್ಸೆಂಟೈಲುಗಳನ್ನು (ನೂರಕ್ಕೆ ಎಷ್ಟು ಮಂದಿಗಿಂತ ಮಗು ಮೇಲಿದೆ ಎಂಬ ಅಂಕಿ) ಕೂಡಿ ಸರಾಸರಿ ತೆಗೆಯುವ ಅಭ್ಯಾಸ ಬಹಳ ಕಡೆ ಇದೆ, ಅದು ತಪ್ಪು. ಮಧ್ಯದ ಮಟ್ಟದಲ್ಲಿ ನಾಲ್ಕೈದು ಸರಿಯುತ್ತರ ಹೆಚ್ಚಾದರೆ ಪರ್ಸೆಂಟೈಲ್ ಎಗರಿಬಿಡುತ್ತದೆ, ತುದಿಯಲ್ಲಿ ಅಷ್ಟೇ ಉತ್ತರಕ್ಕೆ ಒಂದೆರಡು ಮೆಟ್ಟಿಲು ಏರಿದರೆ ಹೆಚ್ಚು. ಕೂಡುವುದಿದ್ದರೆ 200ರಿಂದ 800ರವರೆಗಿನ ಸ್ಟ್ಯಾಂಡರ್ಡ್ ಸ್ಕೋರನ್ನು ಕೂಡಿ.

ಪ್ರಬಂಧಕ್ಕೆ ‘ನನ್ನ ನಂಬಿಕೆ ನನಗೇನು’ ಎಂಬಂಥ ವಿಷಯ ಕೊಟ್ಟರೆ ದೊಡ್ಡವರು ಬರೆದುಕೊಟ್ಟದ್ದೇ ಬರುತ್ತದೆ. ನಾವು 150 ಪದಗಳ ಎರಡು ಪ್ರಶ್ನೆ ಇಡುತ್ತೇವೆ; ಅವುಗಳಲ್ಲೊಂದು, ಕಳೆದ ತಿಂಗಳು ನೀನು ಬೇರೆಯವರಿಗಾಗಿ ಮಾಡಿದ ಒಂದು ಕೆಲಸವನ್ನು ಹಂತ ಹಂತವಾಗಿ ಬರೆ. ಹೆಸರು, ಪ್ಯಾರಿಷ್ (ಮನೆಯವರು ಸೇರಿದ ಚರ್ಚು) ಎರಡನ್ನೂ ಮುಚ್ಚಿ ಇಬ್ಬರು ಬೇರೆ ಬೇರೆ ಕೂತು ಓದಿ 0ರಿಂದ 4ರೊಳಗೆ ಅಂಕ ಹಾಕುತ್ತಾರೆ. ಎರಡು ಅಂಕದ ಅಂತರ ಬಂದರೆ ಮೂರನೆಯವರು ಓದುತ್ತಾರೆ. ಪಾದ್ರಿಗಳ ಶಿಫಾರಸು ಪತ್ರದಿಂದ ಹೆಚ್ಚೇನೂ ಸಿಗುವುದಿಲ್ಲ. ಭಾನುವಾರಕ್ಕೆ ನಾಲ್ಕು ಪೂಜೆ ನಡೆಸುವವರಿಗೆ ಎಲ್ಲ ಮಕ್ಕಳಿಗೂ ಒಂದೇ ಪತ್ರ ಕೊಡದೆ ಬೇರೆ ದಾರಿಯಿಲ್ಲ. ಮಗು ಎಷ್ಟು ದಿನದಿಂದ ಪರಿಚಯ, ಯಾವ ಸೇವೆ ಮಾಡುತ್ತದೆ ಎಂಬ ಎರಡೇ ಪ್ರಶ್ನೆಯ ಚೀಟಿ ಕಳಿಸಿ. ಕುಟುಂಬದ ಕಾಣಿಕೆಯ ಲೆಕ್ಕವನ್ನಂತೂ ಕೇಳಲೇಬೇಡಿ.

ದೇಣಿಗೆದಾರರು ‘ಇಂಥ ಹುಡುಗನಿಗೇ ಕೊಡಿ’ ಎಂದರೆ ಚೆಕ್ಕು ವಾಪಸು ಮಾಡುವುದು ಮೇಲು. ಒಬ್ಬ ನಿರ್ದಿಷ್ಟ ವಿದ್ಯಾರ್ಥಿಗೆಂದು ಗುರುತಿಟ್ಟ ಹಣಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. 2027ರ ಜನವರಿಯಿಂದ ಬರುವ ಒಕ್ಕೂಟ ಸರ್ಕಾರದ 1,700 ಡಾಲರ್‌ವರೆಗಿನ ತೆರಿಗೆ ಕ್ರೆಡಿಟ್ಟಿಗೂ (ದೇಣಿಗೆಯ ಮೊತ್ತವನ್ನು ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುವುದು) ಇದೇ ನಿಯಮ. ಜೊತೆಗೆ ಈ ಯೋಜನೆಗೆ ರಾಜ್ಯ ಒಪ್ಪಿಕೊಂಡಿರಬೇಕು, ಸ್ಕಾಲರ್‌ಶಿಪ್ ಕೊಡುವ ಸಂಸ್ಥೆ ಕನಿಷ್ಠ ಹತ್ತು ಮಕ್ಕಳಿಗೆ ಕೊಡಬೇಕು, ಅವರೆಲ್ಲ ಒಂದೇ ಶಾಲೆಯವರಾಗಿರಬಾರದು. ಒಂದೇ ಶಾಲೆಗೆ ಕಟ್ಟಿದ ಸಣ್ಣ ನಿಧಿಗೆ ಅದು ಒಗ್ಗುವುದಿಲ್ಲ.

ಹಣ ಮನೆಗಲ್ಲ, ನೇರ ಶಾಲೆಗೆ: ಅರ್ಧ ಆಗಸ್ಟಿನಲ್ಲಿ, ಅರ್ಧ ಜನವರಿಯಲ್ಲಿ, ಎರಡೂ ಸಲ ಹಾಜರಾತಿ ಖಚಿತಪಡಿಸಿಕೊಂಡ ಮೇಲೆ. ಬೋಧನೆ, ಕಡ್ಡಾಯ ಶುಲ್ಕ, ಪುಸ್ತಕ ಇಷ್ಟಕ್ಕೇ ಎಂದು ಪತ್ರದಲ್ಲಿ ಬರೆದರೆ ತೆರಿಗೆಯ ತಕರಾರೂ ಇಲ್ಲ. ಮುಂದುವರಿಕೆಗೆ ಜಿಪಿಎ (ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 2.5 ಸಾಕು. 3.5 ಎಂದು ಬಿಗಿ ಮಾಡಿದರೆ ಜಾಣ ಮಕ್ಕಳೇ ಕಷ್ಟದ ಆನರ್ಸ್ ತರಗತಿ ಬಿಟ್ಟು ಸುಲಭದ್ದನ್ನು ಹಿಡಿಯುತ್ತಾರೆ. ಒಂಬತ್ತನೇ ತರಗತಿಯ ಮೊದಲ ಸೆಮಿಸ್ಟರಿನ ಅಂಕವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ಇಳಿದರೆ ಒಂದು ಸೆಮಿಸ್ಟರ್ ಕಾಲಾವಕಾಶ. ಮಗು ನಡುವರ್ಷ ಶಾಲೆ ಬಿಟ್ಟರೆ ಬಳಕೆಯಾಗದ ಹಣ 30 ದಿನದೊಳಗೆ ನಿಧಿಗೆ ಮರಳಬೇಕು ಎಂಬ ಸಾಲೂ ಆ ಒಂದು ಪುಟದ ಒಪ್ಪಂದದಲ್ಲೇ ಇರಲಿ.